ಎರಡು ಚೀಲ ಸುಣ್ಣ

ಮೈಲುತುತ್ತಕ್ಕೆ ಬೆರೆಸಿ ಉಳಿದ ಸುಣ್ಣ
ನಮ್ಮ ಮೈದಾನಕ್ಕೆ. ಇಪ್ಪತ್ತಾರು ವರ್ಷದಿಂದ ಹಾಗೆ.
ತೋಟಕ್ಕೆ ಔಷಧಿ ಹೊಡೆಸಿದ ಮೇಲೆ ಬೆಳ್ಯಪ್ಪನವರ ಜೀಪು
ಗೋಲಿನ ಹಿಂದೆ ಎರಡು ಚೀಲ ಇಳಿಸಿ ಹೋಗುತ್ತದೆ,
ನಾನು ತಳ ತೂತಾದ ಡಬ್ಬಿ ಹಿಡಿದು ಗೆರೆ ಎಳೆಯುತ್ತೇನೆ.

ಈ ಸಲ ಜೀಪು ಬಂತು. ಚೀಲ ಬರಲಿಲ್ಲ.
ಇಳಿದವನು ಮೈಸೂರಿನವನು, ಬಿಳಿ ಶೂ,
ಮೈದಾನವನ್ನು ಫೋನಿನಲ್ಲೇ ಅಳೆದ.
ಉದ್ದ ಸಾಲದು ಅಂದ.
ಸಾಲದೆಂದು ನಮಗೂ ಗೊತ್ತು.
ಆ ಮೂಲೆಯಿಂದ ಕಾರ್ನರ್ ಹೊಡೆಯುವವನು
ಒಂದು ಕಾಲನ್ನು ಬೇಲಿಯಾಚೆ
ಕಾಫಿ ಗಿಡದ ಬುಡದಲ್ಲಿಟ್ಟೇ ಹೊಡೆಯಬೇಕು.

ಸುದ್ದಿ ಸಿಕ್ಕಿದ್ದು ಸಿದ್ದಾಪುರ ಸಂತೆಯ ಕೋಳಿ ಅಂಗಡಿಯಲ್ಲಿ.
ತಂಡ ಮೈಸೂರಿಗಂತೆ. ಜರ್ಸಿ ಅದೇ, ಹೆಸರೂ ಅದೇ,
ಹೆಸರಿನ ಬಾಲದಲ್ಲಿ ಊರು ಮಾತ್ರ ಇರುವುದಿಲ್ಲ.
ಮತ್ತೊಬ್ಬ: ಮೈಸೂರಲ್ಲ, ಮಂಗಳೂರು.
ಮೂರನೆಯವನು: ಎಲ್ಲಿಗೂ ಇಲ್ಲ ಮಾರಾಯ, ಮುದುಕ ಇರುವ ತನಕ.
ಆಮೇಲೆ ಯಾರೂ ಮಾತಾಡಲಿಲ್ಲ.
ಕೋಳಿ ತಕ್ಕಡಿಗೆ ಬಿತ್ತು.

ಹಾಕಿಯ ಮನೆತನ ಅವರದು. ಅಣ್ಣಂದಿರ ಸ್ಟಿಕ್ಕು
ಕೋವಿಯ ಪಕ್ಕ ಗೋಡೆಯಲ್ಲಿ ಈಗಲೂ ಇದೆ.
ಇವರೊಬ್ಬರು ಮೆಣಸಿನ ಲಾರಿಯ ಹಿಂದೆ ಬಿದ್ದು
ಲೋಡಿಂಗಿನವರ ಜೊತೆ ಬರಿಗಾಲಲ್ಲಿ ಒದ್ದು ಕಲಿತರು.
ಕೊಡವನಿಗೆ ಯಾಕಪ್ಪ ಈ ಕಾಲಾಟ ಎಂದು
ಐನ್‌ಮನೆಯಲ್ಲಿ ನಕ್ಕರಂತೆ.
ಮೊದಲ ಹನ್ನೊಂದರಲ್ಲಿ ನನ್ನಪ್ಪ ಲೆಫ್ಟ್ ಬ್ಯಾಕ್,
ಅದ್ರಾಮ, ಲಾರಿ ಡ್ರೈವರು,
ಮ್ಯಾಚಿನ ಅವಸರದಲ್ಲಿ ಹ್ಯಾಂಡ್‌ಬ್ರೇಕ್ ಮರೆತು
ಧಣಿಯ ಲಾರಿಯನ್ನು ಹೊಳೆಗೆ ಬಿಟ್ಟವನು.
ಬೆಳ್ಯಪ್ಪ ಕೇಳಿದ್ದು ಒಂದೇ: ಸ್ಕೋರು ಎಷ್ಟು?

ಈಗ ಎಂಬತ್ತಮೂರು.
ಜುಲೈ ಮಳೆಯಲ್ಲಿ ಗಾಬರಿಯಾಗಿ ಫೋನು ಮಾಡುತ್ತಾರೆ:
ಗೋಲಿನ ಬಾಯಲ್ಲಿ ಒಣಗಲು ಹಾಕಿದ ಮೆಣಸು ಎತ್ತಿದಿರಾ?
ಫೆಬ್ರವರಿಯಲ್ಲೇ ಎತ್ತಿದ್ದೇವೆ. ಎತ್ತಿದ್ದೇವೆ ಎನ್ನುತ್ತೇನೆ.
ಲೆಕ್ಕವೆಲ್ಲ ಮಗಳು ದೇಚಮ್ಮನ ಕೈಯಲ್ಲಿ.
ಅವಳನ್ನು ಬೈಯುವುದು ಸುಲಭ, ನಾನೂ ಬೈದಿದ್ದೇನೆ.
ಆದರೆ ಬೊಳಕನ ಮೊಣಕಾಲಿನ ಆಪರೇಷನ್ನಿಗೆ
ಬಳೆ ಅಡವಿಟ್ಟವಳು ಅವಳೇ ಎಂದು
ಆಸ್ಪತ್ರೆಯ ನರ್ಸು ಬಾಯಿತಪ್ಪಿ ಹೇಳಿದ ಮೇಲೆ
ನನ್ನ ಬಾಯಿ ಸ್ವಲ್ಪ ಬಿಗಿಯಾಗಿದೆ.

ಹೋದ ವರ್ಷ ಅರಣ್ಯದವರು ಒಂಟಿಸಲಗವೊಂದನ್ನು ಹಿಡಿದು
ಕೊರಳಿಗೆ ಪಟ್ಟಿ ಕಟ್ಟಿ, ಲಾರಿ ಹತ್ತಿಸಿ, ದೂರದ ಕಾಡಿಗೆ ಬಿಟ್ಟರು.
ಐವತ್ತು ದಿನ ಕಳೆದಿರಬೇಕು. ಒಂದು ಬೆಳಗ್ಗೆ
ಪೆನಾಲ್ಟಿ ಚುಕ್ಕಿಯ ಮೇಲೆ ತಟ್ಟೆಯಗಲದ ಹೆಜ್ಜೆ,
ಅದರೊಳಗೆ ನೀರು, ನೀರಲ್ಲಿ ಗೋಲುಕಂಬ.
ಹುಡುಗರು ಇದನ್ನು ಶಕುನ ಅನ್ನುತ್ತಾರೆ.
ನಾನು ಅನ್ನುವುದಿಲ್ಲ. ಆನೆಗೆ ಮಾಲೀಕನಿಲ್ಲ.

ನಿನ್ನೆ ಸಂಜೆ ಮತ್ತೆ ಜೀಪು.
ಅದ್ರಾಮ, ಡಬ್ಬಿ ಕೊಡು, ಎಂದರು ನನಗೆ.
ಕೊಟ್ಟೆ. ನಾನು ಕುಂಞಿ ಎಂದು ತಿದ್ದಲಿಲ್ಲ.
ತಳದಲ್ಲಿ ಹಳೆಯ ಸುಣ್ಣ ನಾಲ್ಕು ಹಿಡಿ ಇತ್ತು.
ಬೆನ್ನು ಬಾಗಿಸಿ ಹೊರಟರು, ಅಂಚುಗೆರೆ ಎಂದುಕೊಂಡು;
ಗೆರೆ ನಡುಮೈದಾನದಲ್ಲಿ ಕೇರೆಹಾವಿನಂತೆ ಹೊರಳಿ
ಬೇಲಿ ನುಸುಳಿ, ಕಾಫಿ ಗಿಡಗಳ ನಡುವೆ ಹೋಗಿ
ಸುಣ್ಣ ಮುಗಿದಲ್ಲಿ ನಿಂತಿತು.
ಅಲ್ಲಿಂದ ತಿರುಗಿ ಕೂಗಿದರು:
ಈಗ ಉದ್ದ ಸಾಕಾ?

ಸಾಕು ಎಂದೆ.
ಕಾಗದಕ್ಕೆ ಸಹಿ ಬಿದ್ದಿದೆಯೋ ಇಲ್ಲವೋ ಕೇಳಲಾಗಲಿಲ್ಲ.
ಅವರ ಜೇಬಿನಲ್ಲಿ ಪೆನ್ನಿತ್ತು, ಮುಚ್ಚಳ ಇರಲಿಲ್ಲ,
ಅಂಗಿಯ ಮೇಲೆ ನೀಲಿ ಹರಡುತ್ತಿತ್ತು.

ರಾತ್ರಿಯಿಡೀ ಮಳೆ. ಗೆರೆ ಉಳಿದಿಲ್ಲ.
ಭಾನುವಾರ ಗೋಣಿಕೊಪ್ಪದವರ ಜೊತೆ ಮ್ಯಾಚು.
ಎರಡು ಚೀಲ ಸುಣ್ಣ ಕಡ ಕೇಳಿದೆ.
ಯಾರ ಹೆಸರಿಗೆ, ಎಂದ ಅಂಗಡಿಯವನು.
ತಂಡದ ಹೆಸರು ಹೇಳಿದೆ.
ಅರ್ಧ ಬರೆದು ಪೆನ್ನೆತ್ತಿದ.
ಊರೂ ಬರೆ, ಎಂದೆ.